ಯಾವ ರಾಜಕುಮಾರಿ ನಿಮ್ಮ ಕೈಗೆ ಒಗ್ಗುತ್ತಾಳೆ?

ದಸರಾ ರಜೆಗೆ ಮಂಡ್ಯದಿಂದ ನನ್ನ ಅಣ್ಣನ ಮಕ್ಕಳು ಮೈಸೂರಿಗೆ ಬರುತ್ತಾರೆ. ದೊಡ್ಡವಳಿಗೆ 11 ವರ್ಷ, ಚಿಕ್ಕವನಿಗೆ 6. ಮೊದಲ ದಿನ ಅರಮನೆ ದೀಪ, ಎರಡನೇ ದಿನ ವಸ್ತುಪ್ರದರ್ಶನ, ಮೂರನೇ ದಿನದಿಂದ ನನ್ನ ಸ್ವಿಚ್, ಅಂದರೆ ಟಿವಿಗೆ ಹಾಕಿ ಆಡುವ ನಿಂಟೆಂಡೊ ಗೇಮ್ ಯಂತ್ರ. ಈ ಸಲ ಇನ್ನೂ ಪರೀಕ್ಷೆಯೇ ಮುಗಿದಿಲ್ಲ, ಆಗಲೇ ಫೋನ್ ಬಂತು. "ಅತ್ತೆ, ರಾಜಕುಮಾರಿ ಇರೋ ಗೇಮ್ ಒಂದು ತಂದಿಡಿ. ಆದ್ರೆ ಅವಳು ಸುಮ್ನೆ ಕೂತಿರಬಾರದು."

ಆ ಕೊನೆಯ ಮಾತು ಇದೆಯಲ್ಲ, ಕಷ್ಟ ಇರುವುದು ಅಲ್ಲೇ. ರಾಜಕುಮಾರಿ ಇರುವ ಗೇಮ್‌ಗಳಿಗೆ ಬರ ಇಲ್ಲ. ರಾಜಕುಮಾರಿಗೆ ಕೆಲಸ ಇರುವ ಗೇಮ್ ಹುಡುಕಬೇಕು.

ನಾನು ಮೊದಲು ನೋಡಿದ ಗೇಮ್ ರಾಜಕುಮಾರಿ 1989ರ ಪ್ರಿನ್ಸ್ ಆಫ್ ಪರ್ಷಿಯಾದವಳು. ಕಂಪ್ಯೂಟರ್ ಕ್ಲಾಸ್‌ನಲ್ಲಿ ಮೇಷ್ಟ್ರು ಕಾಫಿಗೆ ಹೋದಾಗ ಕದ್ದು ಆಡುತ್ತಿದ್ದೆವು. ಜಾಫರ್ ಎಂಬ ಮಂತ್ರಿ ಅವಳಿಗೆ ಒಂದು ಗಂಟೆ ಗಡುವು ಕೊಡುತ್ತಾನೆ. ಮದುವೆಯಾಗು, ಇಲ್ಲದಿದ್ದರೆ ಸಾಯಿ. ಅವಳು ಮರಳು ಗಡಿಯಾರದ ಪಕ್ಕ ಕಾಯುತ್ತಾಳೆ, ನಾವು ನೆಲಮಾಳಿಗೆಯಿಂದ ಎದ್ದುಬಿದ್ದು ಓಡಬೇಕು. ಅವಳಿಗೆ ಆಟದಲ್ಲಿ ಹೆಸರೂ ಇಲ್ಲ. ಆದರೆ ಎಂಟನೇ ಹಂತದ ಕೊನೆಗೆ ನಾವು ಬಾಗಿಲ ಹಿಂದೆ ಸಿಕ್ಕಿಕೊಂಡಾಗ ಎಲ್ಲಿಂದಲೋ ಒಂದು ಇಲಿ ಓಡಿಬರುತ್ತದೆ. ನೆಲದ ಗುಂಡಿ ತುಳಿದು ಬಾಗಿಲು ತೆರೆಸುತ್ತದೆ. ಆ ಇಲಿಯನ್ನು ಕಳಿಸಿದ್ದು ಅವಳೇ. ಇಡೀ ಆಟದಲ್ಲಿ ಅವಳು ಮಾಡುವ ಕೆಲಸ ಅದೊಂದೇ. ಆದರೂ ನೆನಪಿರುವುದು ಅದೇ.

ಅಲ್ಲಿಂದ ಇಲ್ಲಿಯವರೆಗೆ ಆಡಿ ಆಡಿ ನನಗೊಂದು ಅಳತೆ ಸಿಕ್ಕಿದೆ. ರಾಜಕುಮಾರಿ ಎಷ್ಟು ಬಲಶಾಲಿ ಅಂತ ಡಬ್ಬದ ಮೇಲೆ ಓದಿ ಗೇಮ್ ಕೊಳ್ಳಬೇಡಿ. ಅವಳ ಸ್ವಭಾವ ಬಟನ್‌ವರೆಗೂ ಇಳಿದಿದೆಯಾ ನೋಡಿ. ಕಥೆಯಲ್ಲಿ ಎಲ್ಲರೂ ಅವಳನ್ನು ಧೈರ್ಯವಂತೆ, ಜಾಣೆ ಅಂತ ಹೊಗಳುತ್ತಾರೆ. ನಮ್ಮ ಹೆಬ್ಬೆರಳಿಗೆ ಅದು ಗೊತ್ತೇ ಆಗದಿದ್ದರೆ ಅಂಥ ಹೊಗಳಿಕೆ ತೊಗೊಂಡು ಏನು ಮಾಡೋದು? ಇನ್ನೊಂದು, ನಾವು ತಪ್ಪು ಮಾಡಿದಾಗ ಅವಳು ಏನು ಮಾಡುತ್ತಾಳೆ ಅನ್ನುವುದು. ಮಕ್ಕಳಿಗೆ ಗೇಮ್ ಒಗ್ಗುವುದು ಬಿಡುವುದು ಅಲ್ಲೇ ತೀರ್ಮಾನವಾಗುತ್ತದೆ.

ಪೀಚ್: ಪಟ್ಟದ ಗೊಂಬೆ ಕೆಳಗಿಳಿದಾಗ

ನಮ್ಮ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗೆ. ರೇಷ್ಮೆ ಉಡಿಸಿ, ಒಡವೆ ಹಾಕಿ, ಆರತಿ ಎತ್ತುತ್ತೇವೆ. ಆಮೇಲೆ ಅದಕ್ಕೆ ಏನೂ ಕೆಲಸ ಇಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ರಾಜಕುಮಾರಿ ಪೀಚ್ ಹಾಗಿದ್ದಳು. ಬಿಡಿಸಲು ಹೋದ ಮಾರಿಯೋಗೆ ಎಂಟನೇ ಲೋಕದ ಕೊನೆಯಲ್ಲಿ ಸಿಗುತ್ತಾಳೆ, ಥ್ಯಾಂಕ್ಸ್ ಹೇಳುತ್ತಾಳೆ, ಆಟ ಮುಗಿಯಿತು.

ಅವಳು ಕೆಳಗಿಳಿದದ್ದು 1988ರಲ್ಲಿ ಅಮೆರಿಕಕ್ಕೆ ಬಂದ ಸೂಪರ್ ಮಾರಿಯೋ ಬ್ರದರ್ಸ್ 2ರಲ್ಲಿ. ಅದೂ ಒಂಥರಾ ಅಕಸ್ಮಾತ್. ಜಪಾನಿನ ಬೇರೊಂದು ಆಟ, ಡೋಕಿ ಡೋಕಿ ಪ್ಯಾನಿಕ್, ಅದರ ನಾಲ್ಕು ಪಾತ್ರಗಳ ಜಾಗಕ್ಕೆ ಮಾರಿಯೋ ಬಳಗವನ್ನು ತಂದು ಕೂರಿಸಿದರು. ಹಾಗೆ ಪೀಚ್‌ಗೆ ಒಂದು ಗುಣ ಬಂತು: ನೆಗೆದ ಮೇಲೆ ಒಂದೂವರೆ ಸೆಕೆಂಡ್ ಗಾಳಿಯಲ್ಲಿ ತೇಲುವುದು. ಬದಲಿಗೆ ಭಾರ ಎತ್ತುವುದರಲ್ಲಿ ನಾಲ್ವರಲ್ಲಿ ಅವಳೇ ನಿಧಾನ.

ಒಂದೂವರೆ ಸೆಕೆಂಡ್ ಅಂದ್ರೆ ಎಷ್ಟು ಮಹಾ ಅನ್ನಿಸಬಹುದು. ಆಡಿದವರಿಗೆ ಗೊತ್ತು ಅದರ ಬೆಲೆ. ಮಾರಿಯೋ ನೆಗೆದರೆ ಲೆಕ್ಕ ತಪ್ಪಿದ್ದು ತಪ್ಪಿದ್ದೇ. ಪೀಚ್ ನೆಗೆದರೆ ಗಾಳಿಯಲ್ಲಿ ನಿಂತು ಕೆಳಗೆ ನೋಡಿ, "ಅಯ್ಯೋ, ಇಲ್ಲಿ ಗುಂಡಿ ಇದೆ" ಅಂತ ಮುಂದಕ್ಕೆ ಸರಿಯಬಹುದು. ಅವಸರ ಇಲ್ಲದವಳು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವಳ ನೆಗೆತವೇ ಹೇಳುತ್ತದೆ. 2013ರ ಸೂಪರ್ ಮಾರಿಯೋ 3ಡಿ ವರ್ಲ್ಡ್‌ನಲ್ಲೂ ಇದೇ ಗುಣ ಉಳಿದಿದೆ. ಓಟ ನಿಧಾನ, ತೇಲುವುದು ಜಾಸ್ತಿ. 2021ರಲ್ಲಿ ಅದು ಸ್ವಿಚ್‌ಗೂ ಬಂತು. ಮೊದಲ ಸಲ ಕಂಟ್ರೋಲರ್ ಹಿಡಿಯುವ ಮಕ್ಕಳಿಗೆ ನಾನು ಕಣ್ಣು ಮುಚ್ಚಿಕೊಂಡು ಕೊಡುವುದು ಇದನ್ನೇ.

2023ರ ಸೂಪರ್ ಮಾರಿಯೋ ಬ್ರದರ್ಸ್ ವಂಡರ್‌ನಲ್ಲೂ ಪೀಚ್ ಮತ್ತು ಇನ್ನೊಬ್ಬ ರಾಜಕುಮಾರಿ ಡೈಸಿ ಇಬ್ಬರೂ ಇದ್ದಾರೆ. ಆದರೆ ಅಲ್ಲಿ ಮಾರಿಯೋ ಆದರೂ ಒಂದೇ, ಪೀಚ್ ಆದರೂ ಒಂದೇ, ಕೈಗೆ ವ್ಯತ್ಯಾಸ ಇಲ್ಲ. ತುಂಬಾ ಒಳ್ಳೆಯ ಆಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಹುಡುಕಾಟಕ್ಕೆ ಅದು ಉತ್ತರ ಅಲ್ಲ.

ಸಂಪೂರ್ಣವಾಗಿ ಪೀಚ್‌ದೇ ಆಟ ಬೇಕು ಅಂದರೆ ಎರಡಿವೆ. ಹಳೆಯದು 2005ರಲ್ಲಿ ಜಪಾನಿನಲ್ಲಿ ಬಂದ ಸೂಪರ್ ಪ್ರಿನ್ಸೆಸ್ ಪೀಚ್. ಅದರಲ್ಲಿ ಮಾರಿಯೋನನ್ನೇ ಹಿಡಿದುಕೊಂಡು ಹೋಗಿರುತ್ತಾರೆ, ಬಿಡಿಸಲು ಇವಳು ಹೋಗುತ್ತಾಳೆ. ಅಲ್ಲಿಯವರೆಗೆ ಚೆನ್ನ. ಆದರೆ ಅವಳ ಶಕ್ತಿ ನಾಲ್ಕು ಭಾವನೆಗಳು: ಖುಷಿ, ಸಿಟ್ಟು, ದುಃಖ, ಶಾಂತಿ. ಸಿಟ್ಟು ಬಂದರೆ ಮೈಗೆ ಬೆಂಕಿ, ಅತ್ತರೆ ಕಣ್ಣೀರಿಗೆ ಗಿಡ ಬೆಳೆಯುತ್ತದೆ. ಹುಡುಗಿಗೆ ಶಕ್ತಿ ಕೊಡಿ ಅಂದರೆ ಅಳು ಕೊಟ್ಟರು ಅಂತ ಬೇಜಾರು ಮಾಡಿಕೊಂಡವರಿದ್ದಾರೆ, ನನಗೂ ಆಗಿತ್ತು. ಆದರೆ ಒಂದು ಮಾತು ಒಪ್ಪಬೇಕು. ಇಲ್ಲಿ ಸ್ವಭಾವ ನೇರವಾಗಿ ಬಟನ್‌ಗೇ ಬಂದಿದೆ. ಬಂದ ಸ್ವಭಾವ ಯಾವುದು ಅನ್ನುವುದರಲ್ಲಿ ತಕರಾರು.

ಹೊಸದು 2024ರ ಮಾರ್ಚ್ 22ರಂದು ಬಿಡುಗಡೆಯಾದ ಪ್ರಿನ್ಸೆಸ್ ಪೀಚ್: ಶೋಟೈಮ್. ನಾಟಕದ ಥಿಯೇಟರ್ ಒಂದನ್ನು ದುಷ್ಟರು ಹಿಡಿದಿದ್ದಾರೆ, ಒಳಗಿರುವ ಪ್ರತಿ ನಾಟಕಕ್ಕೂ ಪೀಚ್ ವೇಷ ಹಾಕಿಕೊಂಡು ಹೋಗಬೇಕು. ಒಟ್ಟು ಹತ್ತು ವೇಷ. ಕತ್ತಿ ಹಿಡಿದವಳು, ನಿಂಜಾ, ಕುದುರೆ ಸವಾರಿಯ ಕೌಗರ್ಲ್, ಕುಂಗ್ ಫೂ, ಪತ್ತೇದಾರಿ, ಕೇಕ್ ಮಾಡುವವಳು, ಐಸ್ ಮೇಲೆ ಸ್ಕೇಟಿಂಗ್ ಮಾಡುವವಳು, ಮತ್ಸ್ಯಕನ್ಯೆ, ಚಾಲಾಕಿ ಕಳ್ಳಿ, ಬಸ್ಸನ್ನೂ ಎತ್ತುವ ಮಹಾಬಲೆ. ಮುಖ್ಯ ಬಟನ್ ಮಾತ್ರ ಎರಡೇ: ಒಂದು ನೆಗೆಯಲು, ಒಂದು ಉಳಿದ ಬಹುತೇಕ ಎಲ್ಲದಕ್ಕೂ. ಪತ್ತೇದಾರಿ ವೇಷದಲ್ಲಿ ಅದೇ ಬಟನ್ ಯೋಚಿಸುತ್ತದೆ, ಕೌಗರ್ಲ್ ವೇಷದಲ್ಲಿ ಅದೇ ಬಟನ್ ಹಗ್ಗ ಬೀಸುತ್ತದೆ.

ನಾಟಕದ ಊರಿನವರಾದ ನಮಗೆ ಈ ವೇಷದ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ. ಕೊರತೆಯೂ ಅಲ್ಲೇ ಇದೆ. ಹತ್ತು ವೇಷದಲ್ಲೂ ಪೀಚ್ ಎಲ್ಲವನ್ನೂ ಮೊದಲ ಸಲಕ್ಕೇ ಸರಿಯಾಗಿ ಮಾಡುತ್ತಾಳೆ. ಎಡವುವುದೇ ಇಲ್ಲ. ಆರು ವರ್ಷದವನಿಗೆ ಅದು ವರ. ಹನ್ನೊಂದರವಳಿಗೆ ಎರಡನೇ ಶನಿವಾರದ ಹೊತ್ತಿಗೆ ಸಪ್ಪೆ ಎನಿಸಬಹುದು. ಆಟವೂ ಉದ್ದ ಇಲ್ಲ, ಒಬ್ಬರೇ ಆಡಬೇಕು.

ಡೈಸಿ ಮತ್ತು ರೊಸಲೀನಾ ಬಗ್ಗೆ ಎರಡೇ ಮಾತು. ಡೈಸಿ 1989ರ ಸೂಪರ್ ಮಾರಿಯೋ ಲ್ಯಾಂಡ್‌ನವಳು, ಸರಸಾಲ್ಯಾಂಡ್‌ನ ರಾಜಕುಮಾರಿ. ಗಟ್ಟಿ ದನಿ, ಒರಟು ನಗು, ಮದುವೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಪಂಕ್ತಿಯಲ್ಲಿ ಕೂರುವ ಹುಡುಗಿಯ ಥರ. ಅವಳದೇ ಅಂತ ಒಂದು ಗೇಮ್ ಇನ್ನೂ ಇಲ್ಲ ಅನ್ನುವುದೇ ಅನ್ಯಾಯ. ರೊಸಲೀನಾ 2007ರ ಸೂಪರ್ ಮಾರಿಯೋ ಗ್ಯಾಲಕ್ಸಿಯಲ್ಲಿ ಬಂದಳು. ನಕ್ಷತ್ರದ ಮರಿಗಳನ್ನು ಸಾಕುವವಳು, ಮೆದು ಮಾತು. ನೋಡಲು ತೆಳ್ಳಗೆ, ಆದರೆ ಕಾರ್ ರೇಸಿನ ಆಟವಾದ ಮಾರಿಯೋ ಕಾರ್ಟ್ 8ರಲ್ಲಿ ಅವಳದು ಭಾರದ ಗುಂಪು. ಡಿಕ್ಕಿ ಹೊಡೆದರೆ ಎದುರಿನವರು ರಸ್ತೆ ಬಿಟ್ಟು ಹೋಗುತ್ತಾರೆ.

ಝೆಲ್ಡಾ: ಹಾಸಿಗೆ ಪೇರಿಸಿ ಗೋಡೆ ಹತ್ತುವವಳು

ಝೆಲ್ಡಾ ಹೆಸರಿನ ಆಟ 1986ರಲ್ಲಿ ಶುರುವಾಯಿತು. ಹೆಸರು ರಾಜಕುಮಾರಿಯದ್ದು, ಕತ್ತಿ ಲಿಂಕ್ ಎಂಬ ಹುಡುಗನದ್ದು. ಇವತ್ತಿಗೂ ಗೊತ್ತಿಲ್ಲದವರು ಆ ಹುಡುಗನನ್ನೇ ಝೆಲ್ಡಾ ಅಂದುಕೊಳ್ಳುತ್ತಾರೆ, ನಮ್ಮ ಅಣ್ಣನನ್ನೂ ಸೇರಿಸಿ.

ಈ ಸರಣಿಯಲ್ಲಿ ನನಗೊಂದು ಹಳೇ ಸಿಟ್ಟಿದೆ. 1998ರ ಆಕರಿನಾ ಆಫ್ ಟೈಮ್‌ನಲ್ಲಿ ಝೆಲ್ಡಾ ಶೀಕ್ ಎಂಬ ವೇಷದಲ್ಲಿ ಏಳು ವರ್ಷ ಶತ್ರುವಿನ ಕಣ್ಣಿಗೆ ಬೀಳದೆ ಓಡಾಡುತ್ತಾಳೆ. ಗಾಳಿಯ ಹಾಗೆ ಬರುತ್ತಾಳೆ, ಹೊಗೆಯ ಹಾಗೆ ಮಾಯವಾಗುತ್ತಾಳೆ. ಕೊನೆಗೆ ವೇಷ ಕಳಚಿ "ನಾನು ಝೆಲ್ಡಾ" ಅನ್ನುತ್ತಾಳೆ. ಅಷ್ಟೇ, ಅಲ್ಲೇ ಸೆರೆಯಾಗುತ್ತಾಳೆ. 2002ರ ವಿಂಡ್ ವೇಕರ್‌ನಲ್ಲಿ ಟೆಟ್ರಾ ಕಡಲ್ಗಳ್ಳರ ನಾಯಕಿ, ಹಡಗಿನವರೆಲ್ಲ ಅವಳ ಮಾತಿಗೆ ಥರಥರ. ಅವಳೇ ರಾಜವಂಶದವಳು ಅಂತ ಗೊತ್ತಾದ ಕ್ಷಣ ಗುಲಾಬಿ ಬಟ್ಟೆ ಬಂತು, ಬಣ್ಣವೂ ಬೆಳ್ಳಗಾಯಿತು, "ನೀನು ಇಲ್ಲೇ ಇರಮ್ಮ, ಹೊರಗೆ ಅಪಾಯ" ಅಂತ ನೆಲಮಾಳಿಗೆಯಲ್ಲಿ ಬಿಟ್ಟು ಹೋಗುತ್ತಾರೆ. ಕೊನೆಯ ಕಾಳಗದಲ್ಲಿ ಬಿಲ್ಲು ಹಿಡಿದು ಬರುತ್ತಾಳೆ, ನಿಜ. ಆದರೂ ನನಗೆ ಸಮಾಧಾನ ಇಲ್ಲ. ಎರಡು ಆಟದಲ್ಲೂ ಒಂದೇ ಕಥೆ. ರಾಜಕುಮಾರಿ ಅಂತ ಗೊತ್ತಾಗುವವರೆಗೆ ಅವಳಿಗೆ ಕೈಕಾಲು ಇರುತ್ತದೆ.

2017ರ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಸ್ವಭಾವ ಬಹಳ ಚೆನ್ನಾಗಿದೆ. ಅವಳಿಗೆ ಹಳೇ ಯಂತ್ರಗಳ ಹುಚ್ಚು, ಗಿಡ ಗೆಡ್ಡೆ ನೋಡುವ ಹುಚ್ಚು. ಒಂದು ಕಡೆ ಕಪ್ಪೆ ಹಿಡಿದು ಲಿಂಕ್‌ನ ಮುಖಕ್ಕೆ ಒಡ್ಡಿ ತಿಂದು ನೋಡು ಅನ್ನುತ್ತಾಳೆ. ಅಪ್ಪ ಮಾತ್ರ ಓದು ಬಿಟ್ಟು ಪ್ರಾರ್ಥನೆ ಮಾಡು ಅಂತ ಬೈಯುತ್ತಾರೆ. ತಣ್ಣೀರಲ್ಲಿ ನಿಂತು ಎಷ್ಟು ಪ್ರಾರ್ಥಿಸಿದರೂ ಶಕ್ತಿ ಬರುವುದಿಲ್ಲ. ಆಮೇಲೆ ನೂರು ವರ್ಷ ಒಬ್ಬಳೇ ಗ್ಯಾನನ್ ಎಂಬ ಶತ್ರುವನ್ನು ಕೋಟೆಯಲ್ಲಿ ತಡೆದು ನಿಲ್ಲಿಸುತ್ತಾಳೆ. ಪಿಯುಸಿಗೆ ಸೈನ್ಸ್ ಬೇಡ ಅನ್ನಿಸಿಕೊಂಡ ಯಾವ ಹುಡುಗಿಗೂ ಇವಳು ಗುರುತಿನವಳೇ. ಆದರೆ ಅವಳಾಗಿ ಆಡಲು ಆಗುವುದಿಲ್ಲ. ನಮಗೆ ಸಿಗುವುದು ಅವಳ ನೆನಪುಗಳು ಮಾತ್ರ.

38 ವರ್ಷ ಕಾದ ಮೇಲೆ, 2024ರ ಸೆಪ್ಟೆಂಬರ್ 26ರಂದು ಎಕೋಸ್ ಆಫ್ ವಿಸ್ಡಮ್ ಬಂತು. ಝೆಲ್ಡಾ ಆಟವೊಂದನ್ನು ಮೊದಲ ಸಲ ಮಹಿಳೆಯೊಬ್ಬರು ನಿರ್ದೇಶಿಸಿದ್ದು, ತೊಮೊಮಿ ಸಾನೊ. ಇದರಲ್ಲೂ ಶುರುವಿನಲ್ಲಿ ಅವಳು ಬಂದಿ. ಬಿಡಿಸಲು ಬಂದ ಲಿಂಕ್‌ನನ್ನೇ ನೆಲದ ಬಿರುಕು ನುಂಗುತ್ತದೆ. ಇನ್ನು ಎಲ್ಲವನ್ನೂ ಅವಳೇ ಮಾಡಬೇಕು.

ಅವಳ ಕೈಗೆ ಬರುವುದು ಒಂದು ಕೋಲು. ನೋಡಿದ ವಸ್ತುವಿನ ನಕಲು ಮಾಡುವ ಕೋಲು. ಮೇಜು, ಬಂಡೆ, ಹಳೇ ಹಾಸಿಗೆಯ ಮಂಚ, ನೀರಿನ ಗಡ್ಡೆ. ಸೋಲಿಸಿದ ರಾಕ್ಷಸರ ನಕಲೂ ಆಗುತ್ತದೆ, ಅವು ಅವಳ ಪರವಾಗಿ ಹೊಡೆದಾಡುತ್ತವೆ. ಆಟ ಮುಗಿಯುವಷ್ಟರಲ್ಲಿ ನೂರಕ್ಕೂ ಜಾಸ್ತಿ ನಕಲು ಕೈಯಲ್ಲಿರುತ್ತವೆ. ಕತ್ತಿ ಹಿಡಿಯುವ ರೂಪವೂ ಒಂದಿದೆ, ಆದರೆ ಅದು ಸ್ವಲ್ಪ ಹೊತ್ತಿಗೇ ಖಾಲಿಯಾಗುತ್ತದೆ.

ನಾನು ಇದನ್ನು ಆಡಿದ ಮೊದಲ ವಾರ ಮಾಡಿದ್ದು ಒಂದೇ ಕೆಲಸ, ಮಂಚದ ಮೇಲೆ ಮಂಚ ಪೇರಿಸಿದ್ದು. ಗೋಡೆ ಎತ್ತರ ಇದೆಯಾ? ಮಂಚ. ಹಳ್ಳ ದಾಟಬೇಕಾ? ಮಂಚ. ಪ್ರಾಣ ಕಮ್ಮಿ ಆಯ್ತಾ? ಅದೇ ಮಂಚದ ಮೇಲೆ ಮಲಗಿದರೆ ವಾಪಸ್ ಬರುತ್ತದೆ. ನಮ್ಮಮ್ಮ ಗೊಂಬೆ ಕೂರಿಸುವಾಗ ಟ್ರಂಕು, ಸ್ಟೂಲು, ಹಳೇ ಪುಸ್ತಕದ ಕಟ್ಟು ಸೇರಿಸಿ ಮೆಟ್ಟಿಲು ಮಾಡುತ್ತಿದ್ದರು. ಅದೇ ಬುದ್ಧಿ. ಆಟ "ಇದು ತಪ್ಪು ದಾರಿ" ಅಂತ ಎಲ್ಲೂ ತಡೆಯುವುದಿಲ್ಲ. ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಮಾತಲ್ಲಿದ್ದ ಆ ಓದುವ, ಕೆದಕುವ ಸ್ವಭಾವ ಇಲ್ಲಿ ಬೆರಳಿಗೆ ಬಂದಿದೆ. ಹೋಲಿಕೆಯಲ್ಲಿ ಝೆಲ್ಡಾಗೆ ನನ್ನ ವೋಟು ಬೀಳುವುದು ಇದಕ್ಕೇ.

ತೊಂದರೆ ಇಲ್ಲ ಅಂತಲ್ಲ. ನೂರು ನಕಲುಗಳಲ್ಲಿ ಬೇಕಾದ್ದನ್ನು ಹುಡುಕಲು ಉದ್ದ ಸಾಲನ್ನು ಸರಿಸುತ್ತಾ ಕೂರಬೇಕು, ಅದು ತಲೆನೋವು. ನಾವು ಕಳಿಸಿದ ರಾಕ್ಷಸರು ಹೊಡೆಯುವವರೆಗೆ ಸುತ್ತ ಓಡುತ್ತಾ ಕಾಯಬೇಕು. ತಾನೇ ಹೊಡೆಯಬೇಕು, ಈಗಲೇ ಹೊಡೆಯಬೇಕು ಅನ್ನುವ ಮಗುವಿಗೆ ಇದು ಒಗ್ಗುವುದಿಲ್ಲ. ಓದುವುದೂ ಸ್ವಲ್ಪ ಇದೆ, ಕನ್ನಡ ಮಾಧ್ಯಮದ ಚಿಕ್ಕ ಮಕ್ಕಳಾದರೆ ದೊಡ್ಡವರು ಪಕ್ಕದಲ್ಲಿರಬೇಕು.

ಮಿಡ್ನಾಳನ್ನು ಹೇಳದೆ ಮುಂದೆ ಹೋದರೆ ಹಳೇ ಅಭಿಮಾನಿಗಳು ಬೈಯುತ್ತಾರೆ. 2006ರ ಟ್ವೈಲೈಟ್ ಪ್ರಿನ್ಸೆಸ್‌ನಲ್ಲಿ ತೋಳವಾದ ಲಿಂಕ್‌ನ ಬೆನ್ನೇರಿ ಕೂತು, ಕೊಂಕು ಮಾತಾಡುತ್ತಾ ಕೆಲಸ ಮಾಡಿಸುವವಳು. ಇಡೀ ಸರಣಿಯಲ್ಲೇ ಒಳ್ಳೆಯ ಮಾತುಗಾರ್ತಿ. 2009ರ ಸ್ಪಿರಿಟ್ ಟ್ರ್ಯಾಕ್ಸ್‌ನ ಝೆಲ್ಡಾ ಕೂಡ ಮಜಾ. ದೇಹ ಕಳೆದುಕೊಂಡ ಆತ್ಮ, ದೊಡ್ಡ ಕಬ್ಬಿಣದ ಕವಚದೊಳಗೆ ಹೊಕ್ಕು ಶತ್ರುಗಳನ್ನು ಚಚ್ಚುತ್ತಾಳೆ, ಆದರೆ ಇಲಿ ಕಂಡರೆ ಚೀರುತ್ತಾಳೆ. ಇವೆಲ್ಲ ಹಳೇ ಯಂತ್ರಗಳ ಆಟಗಳು. ಸಿಕ್ಕರೆ ಬಿಡಬೇಡಿ, ಹುಡುಕಿಕೊಂಡು ಮಾತ್ರ ಅಲೆಯಬೇಡಿ.

ಮನೆಯಲ್ಲಿ ಕಂಪ್ಯೂಟರ್ ಅಥವಾ ಫೋನ್ ಮಾತ್ರ ಇದ್ದರೆ

ಸ್ವಿಚ್ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಇದ್ದರೂ ಆಟದ ಬೆಲೆ ಕಮ್ಮಿ ಏನಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ಡಬ್ಬ ತೆರೆದು ನೋಡಿ. ನನಗೊಮ್ಮೆ ಪೀಚ್ ಡಬ್ಬದೊಳಗೆ ಫುಟ್‌ಬಾಲ್ ಗೇಮ್ ಹಾಕಿ ಕೊಟ್ಟಿದ್ದರು. ಮನೆಗೆ ಬಂದು ನೋಡಿದರೆ ರಾಜಕುಮಾರಿ ಇಲ್ಲ, ಹನ್ನೊಂದು ಜನ ಗಂಡಸರು.

ಹಳೇ ಕಂಪ್ಯೂಟರ್‌ಗೂ ಸಾಕಾಗುವ ಆಟ ಲಾಂಗ್ ಲಿವ್ ದಿ ಕ್ವೀನ್, 2012ರದ್ದು. ಇದರ ರಾಜಕುಮಾರಿ ಎಲೋಡಿಗೆ 14 ವರ್ಷ, ರಾಣಿಯಾಗಿದ್ದ ತಾಯಿ ತೀರಿಕೊಂಡಿದ್ದಾರೆ, ಪಟ್ಟಾಭಿಷೇಕಕ್ಕೆ 40 ವಾರ ಇದೆ. ಅಷ್ಟು ದಿನ ಅವಳನ್ನು ಜೀವಂತ ಉಳಿಸುವುದೇ ಆಟ. ವಾರಕ್ಕೆ ಎರಡು ಪಾಠ ಆರಿಸಬೇಕು: ನೃತ್ಯ, ಕತ್ತಿ, ಲೆಕ್ಕ, ವಿಷದ ವಿದ್ಯೆ, ನಾಯಿ ಪಳಗಿಸುವುದು, ನೌಕಾಪಡೆ, ಹೀಗೆ. ಎಲ್ಲವನ್ನೂ ಕಲಿಯಲು ಟೈಮ್ ಇಲ್ಲ. ಅವಳ ಮನಸ್ಸು ಹೇಗಿದೆ ಎಂಬುದರ ಮೇಲೆ ಪಾಠ ತಲೆಗೆ ಹತ್ತುವುದು ಬಿಡುವುದು. ಬೇಜಾರಲ್ಲಿದ್ದಾಗ ಒಂದು ವಿದ್ಯೆ ಚೆನ್ನಾಗಿ ಬರುತ್ತದೆ, ಸಿಟ್ಟಿನಲ್ಲಿದ್ದಾಗ ಇನ್ನೊಂದು. ಚಿತ್ರ ನೋಡಿದರೆ ಗುಲಾಬಿ ಜಡೆ, ದೊಡ್ಡ ಕಣ್ಣು, ಪುಟ್ಟ ಮಕ್ಕಳ ಆಟ ಅನ್ನಿಸುತ್ತದೆ. ಮೋಸ ಹೋಗಬೇಡಿ. ಯಾರೋ ಕಳಿಸಿದ ಚಾಕೊಲೇಟ್ ಡಬ್ಬ ತೆರೆದು ತಿಂದರೆ ಸತ್ತಳು. ಬಾಣ ಬಂದು ಸತ್ತಳು. ನಾನು ಮೊದಲ ದಿನ ಅವಳನ್ನು ಐದು ಸಲ ಸಾಯಿಸಿದೆ.

ಈ ಆಟ ಆಡುವಾಗ ನಮ್ಮೂರಿನ ಒಬ್ಬರು ನೆನಪಾಗುತ್ತಾರೆ. 1894ರ ಡಿಸೆಂಬರ್‌ನಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಲ್ಕತ್ತದಲ್ಲಿ ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜ ಒಡೆಯರ್‌ಗೆ 10 ವರ್ಷ. 1895ರಿಂದ 1902ರವರೆಗೆ ರಾಜ್ಯ ನೋಡಿಕೊಂಡವರು ತಾಯಿ ಕೆಂಪನಂಜಮ್ಮಣ್ಣಿ, ಅಂದರೆ ವಾಣಿವಿಲಾಸ ಸನ್ನಿಧಾನ. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ಅವರ ಆಡಳಿತದ ಕೊನೆಯ ವರ್ಷ. ಕತ್ತಿ ಹಿಡಿದವರಲ್ಲ, ಕಾಗದ ಓದಿ ಸಹಿ ಹಾಕಿದವರು. ಎಲೋಡಿಯ ಆಟದಲ್ಲಿ ಗೆಲ್ಲುವುದೂ ಹಾಗೇ. ಕತ್ತಿ ಕಲಿಸಿದವರಿಗಿಂತ ಲೆಕ್ಕಪತ್ರ, ದರಬಾರಿನ ನಡವಳಿಕೆ ಕಲಿಸಿದವರು ಎಷ್ಟೋ ಸಲ ಮುಂದೆ ಹೋಗುತ್ತಾರೆ. ಮಗಳಿಗೆ 13 ದಾಟಿದ್ದರೆ, ಓದುವ ಅಭ್ಯಾಸ ಇದ್ದರೆ, ಸೋತರೆ ಅಳದಿದ್ದರೆ, ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಫೋನ್‌ನಲ್ಲೂ ಸಿಗುವುದು ಫೈನಲ್ ಫ್ಯಾಂಟಸಿ 9. ಮೊದಲು ಬಂದದ್ದು 2000ದಲ್ಲಿ. ಇದರ ಗಾರ್ನೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಆಡಿದ ಅಷ್ಟೂ ರಾಜಕುಮಾರಿಯರಲ್ಲಿ ಮನಸ್ಸಿಗೆ ಹತ್ತಿರ ಇವಳೇ. ಅವಳ 16ನೇ ಹುಟ್ಟುಹಬ್ಬಕ್ಕೆ ನಾಟಕದ ತಂಡ ಬರುತ್ತದೆ. ನಾಟಕ ನೆಪ, ಬಂದಿರುವುದು ಅವಳನ್ನು ಅಪಹರಿಸಲು. ಕಳ್ಳ ಎದುರಿಗೆ ಬಂದಾಗ ಅವಳೇ ಕೇಳುತ್ತಾಳೆ, ನನ್ನನ್ನು ಅಪಹರಿಸಿ ಅಂತ! ಆಮೇಲೆ ಹೆಸರು ಬದಲಿಸಿ ಡ್ಯಾಗರ್ ಅಂತ ಇಟ್ಟುಕೊಳ್ಳುತ್ತಾಳೆ, ಜನಸಾಮಾನ್ಯರ ಥರ ಮಾತಾಡಲು ಪ್ರ್ಯಾಕ್ಟೀಸ್ ಮಾಡುತ್ತಾಳೆ. ಕಾಳಗದಲ್ಲಿ ಗಾಯ ಮಾಗಿಸುವ ಮಂತ್ರ, ದೈವಗಳನ್ನು ಕರೆಯುವ ಮಂತ್ರ ಅವಳ ಶಕ್ತಿ.

ಆದರೆ ನಾನು ಹೇಳಬೇಕಿರುವುದು ನಡುವಿನ ಒಂದು ಭಾಗ. ದೊಡ್ಡ ನಷ್ಟ ಒಂದಾದ ಮೇಲೆ ಅವಳ ಮಾತು ನಿಂತುಹೋಗುತ್ತದೆ. ಕಥೆಯಲ್ಲಿ ಮಾತ್ರವಲ್ಲ. ಕಾಳಗದಲ್ಲಿ ನಾವು "ಗಾಯ ಮಾಗಿಸು" ಅಂತ ಒತ್ತಿದರೆ, ಡ್ಯಾಗರ್‌ಗೆ ಮನಸ್ಸು ನಿಲ್ಲುತ್ತಿಲ್ಲ ಅನ್ನುವ ಸಾಲು ಬಂದು ಸರದಿ ಹಾಳಾಗುತ್ತದೆ. ಒಂದೊಂದು ಸಲ ಮಾಡುತ್ತಾಳೆ, ಒಂದೊಂದು ಸಲ ಆಗುವುದಿಲ್ಲ. ನನಗೆ ಮೊದಲು ರೇಗಿತು. ಆಮೇಲೆ ಮನೆಯಲ್ಲಿ ಯಾರೋ ದುಃಖದಲ್ಲಿದ್ದಾಗ "ಒಂದು ಲೋಟ ನೀರು ಕೊಡು" ಅಂದರೂ ಕೇಳಿಸದ ಹಾಗೆ ಕೂತಿರುತ್ತಾರಲ್ಲ, ಅದು ನೆನಪಾಯಿತು. ದುಃಖವನ್ನು ಇಷ್ಟು ನಿಜವಾಗಿ ಬಟನ್‌ಗೆ ತಂದ ಇನ್ನೊಂದು ಆಟವನ್ನು ನಾನು ಆಡಿಲ್ಲ. ಆಮೇಲೆ ಅವಳು ತನ್ನ ಉದ್ದ ಕೂದಲನ್ನು ಕತ್ತರಿಸಿಕೊಂಡು ಎದ್ದು ನಿಲ್ಲುವುದನ್ನು ನೀವೇ ನೋಡಿ. ಎಚ್ಚರಿಕೆ ಒಂದೇ. ಆಟ ಬಹಳ ಉದ್ದ, ಹತ್ತು ದಿನದ ರಜೆಗೆ ಮುಗಿಯುವಂಥದ್ದಲ್ಲ. ಸರದಿ ಪ್ರಕಾರ ನಡೆಯುವ ಕಾಳಗವಾದ್ದರಿಂದ ಬೆರಳ ಚುರುಕು ಮಾತ್ರ ಅಷ್ಟೇನೂ ಬೇಡ.

ನಮ್ಮ ಕಡೆಯ ರಾಜಕುಮಾರಿ ಇಲ್ಲವಾ ಅಂತ ಕೇಳುವವರಿಗೆ: ಇದ್ದಾಳೆ, 2003ರ ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್‌ನ ಫರಾ. ಭಾರತದ ಮಹಾರಾಜರೊಬ್ಬರ ಮಗಳು. ನಾವು ಆಡುವ ರಾಜಕುಮಾರನ ಸೈನ್ಯ ಅವಳಪ್ಪನ ಅರಮನೆಯನ್ನೇ ಲೂಟಿ ಮಾಡಿರುತ್ತದೆ, ಹಾಗಾಗಿ ಅವನ ಮೇಲೆ ನಂಬಿಕೆ ಇಲ್ಲ, ಇರಬೇಕಾಗಿಯೂ ಇಲ್ಲ. ಬಿಲ್ಲು ಹಿಡಿದು ದೂರದಿಂದ ಹೊಡೆಯುತ್ತಾಳೆ, ಗೋಡೆಯ ಸಂದಿಯಲ್ಲಿ ನುಸುಳಿ ಆಚೆಯಿಂದ ಬಾಗಿಲು ತೆರೆಯುತ್ತಾಳೆ. ಇಬ್ಬರ ಜಗಳದ ಮಾತು ಕೇಳಲು ಚೆಂದ. ಅವಳು ಸತ್ತರೆ ಆಟವೂ ಅಲ್ಲಿಗೇ ಮುಗಿಯಿತು, ಹಾಗಾಗಿ ಒಂದು ಕಣ್ಣು ಅವಳ ಮೇಲಿರಬೇಕು. ಅವಳಾಗಿ ಆಡಲು ಮಾತ್ರ ಸಿಗುವುದಿಲ್ಲ. ಬಟ್ಟೆ ವಿಷಯ ಬಿಡಿ, ಯಾವ ಮಹಾರಾಜರ ಅರಮನೆಯಲ್ಲೂ ಹೆಣ್ಣುಮಕ್ಕಳು ಹಾಗೆ ಉಟ್ಟಿರಲಾರರು.

ಅದೇ ಸರಣಿಯ 2008ರ ಆಟದಲ್ಲಿ ಎಲಿಕಾ ಇದ್ದಾಳೆ. ನಾವು ಬಂಡೆಯಿಂದ ಜಾರಿ ಬಿದ್ದರೆ ಅವಳ ಕೈ ಬಂದು ಹಿಡಿಯುತ್ತದೆ, ವಾಪಸ್ ನಿಲ್ಲಿಸುತ್ತದೆ. ಪ್ರತಿ ಸಲ. ಈ ಆಟದಲ್ಲಿ ಸಾವೇ ಇಲ್ಲ. ಇದನ್ನು ಕೆಲವರು ಆಟವೇ ಅಲ್ಲ ಅಂತ ಬೈದರು. ಬಿದ್ದರೆ ಬೇಜಾರಾಗಿ ಕಂಟ್ರೋಲರ್ ಎಸೆಯುವ ಮಗು ಮನೆಯಲ್ಲಿದ್ದರೆ ಅವಳ ಬೆಲೆ ಗೊತ್ತಾಗುತ್ತದೆ.

ಇಬ್ಬರು ಮಕ್ಕಳು, ಒಂದು ಟಿವಿ

ನಮ್ಮ ಮನೆಯ ನಿಜವಾದ ಸಮಸ್ಯೆ ಇದು. ಅಕ್ಕ ಆಡುವಾಗ ತಮ್ಮ ಸುಮ್ಮನೆ ಕೂರುತ್ತಾನಾ?

ಇದಕ್ಕೆ ನಾನು ಹೇಳುವುದು 2014ರ ಚೈಲ್ಡ್ ಆಫ್ ಲೈಟ್. ಅರೋರಾ 1895ರ ಆಸ್ಟ್ರಿಯಾದ ಹುಡುಗಿ, ನಿದ್ದೆಯಿಂದ ಎದ್ದರೆ ಬೇರೆಯೇ ಲೋಕ. ತನಗಿಂತ ಭಾರದ ಕತ್ತಿ ಎಳೆದುಕೊಂಡು ನಡೆಯುತ್ತಾಳೆ, ಸ್ವಲ್ಪ ಹೊತ್ತಿಗೆ ಹಾರಲು ರೆಕ್ಕೆ ಸಿಗುತ್ತದೆ. ಜೊತೆಗೆ ಒಂದು ಮಿಣುಕು ಹುಳ ಇದೆ, ಅದನ್ನು ಎರಡನೇ ಕಂಟ್ರೋಲರ್‌ನಲ್ಲಿ ಇನ್ನೊಬ್ಬರು ಆಡಬಹುದು. ಹುಳದ ಬೆಳಕು ಶತ್ರುವಿನ ಮೇಲೆ ಬಿದ್ದರೆ ಅವನು ನಿಧಾನವಾಗುತ್ತಾನೆ, ನಮ್ಮವರ ಮೇಲೆ ಬಿದ್ದರೆ ಗಾಯ ಮಾಗುತ್ತದೆ. ಆರು ವರ್ಷದವನಿಗೆ ಅಷ್ಟು ಸಾಕು. ಅವನಿಲ್ಲದೆ ಅಕ್ಕ ಗೆಲ್ಲುವುದು ಕಷ್ಟ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಮಾತೆಲ್ಲ ಪ್ರಾಸದ ಇಂಗ್ಲಿಷ್, ಅದು ಮಾತ್ರ ಚಿಕ್ಕವರಿಗೆ ಕಬ್ಬಿಣದ ಕಡಲೆ.

ಹೊಡೆದಾಡಿಯೇ ತೀರಬೇಕು ಅಂದರೆ 2018ರ ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್. ಪೀಚ್, ಡೈಸಿ, ಝೆಲ್ಡಾ, ಶೀಕ್, ರೊಸಲೀನಾ ಎಲ್ಲರೂ ಒಂದೇ ಅಖಾಡದಲ್ಲಿ. ಸ್ವಭಾವಕ್ಕೆ ತಕ್ಕ ಏಟು ಅನ್ನುವುದನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು. ಪೀಚ್ ನೆಲದಿಂದ ಗೆಡ್ಡೆ ಕಿತ್ತು ಎಸೆಯುತ್ತಾಳೆ, ತೇಲುತ್ತಾ ಒದೆಯುತ್ತಾಳೆ. ಕಲಿಯಲು ಸುಲಭ ಅನ್ನಿಸುತ್ತಾಳೆ, ಕರಗತವಾಗಲು ತಿಂಗಳುಗಳು ಬೇಕು. ಝೆಲ್ಡಾ ದೂರದಿಂದ ಬೆಂಕಿ ಬಿಟ್ಟು ಎದುರಾಳಿಯನ್ನು ಬೇಸರಪಡಿಸುತ್ತಾಳೆ. ಶೀಕ್ ಚುರುಕು, ಏಟು ಮಾತ್ರ ಹಗುರ. ರೊಸಲೀನಾ ತಾನೂ ನಕ್ಷತ್ರದ ಮರಿಯೂ ಸೇರಿ ಇಬ್ಬರು, ಎರಡನ್ನೂ ಒಟ್ಟಿಗೆ ನೋಡಿಕೊಳ್ಳಲು ನನ್ನ ಕೈಲಾಗಲಿಲ್ಲ. ಹೊಸಬರಿಗೆ ನಾನು ಕೊಡುವುದು ಲುಸಿನಾಳನ್ನು. 2012ರ ಫೈರ್ ಎಂಬ್ಲೆಮ್ ಅವೇಕನಿಂಗ್‌ನ ರಾಜಕುಮಾರಿ, ಹಾಳಾದ ಭವಿಷ್ಯದಿಂದ ಅಪ್ಪನನ್ನು ಉಳಿಸಲು ಹಿಂದಕ್ಕೆ ಬಂದವಳು. ಅದೇ ಅಖಾಡದ ಇನ್ನೊಬ್ಬ ಕತ್ತಿಯವನಾದ ಮಾರ್ತ್‌ನ ಕತ್ತಿಗೆ ತುದಿಯಲ್ಲಿ ಮಾತ್ರ ಬಲ ಜಾಸ್ತಿ. ಲುಸಿನಾಳದು ಹಿಡಿಯಿಂದ ತುದಿವರೆಗೂ ಒಂದೇ ಬಲ. ನೇರ ಹುಡುಗಿ, ನೇರ ಕತ್ತಿ.

ದೊಡ್ಡವರಿಗೆ ಅಂತ ಬೇರೆ ಇವೆ. ಫೈರ್ ಎಂಬ್ಲೆಮ್: ಥ್ರೀ ಹೌಸಸ್‌ನ ಎಡೆಲ್‌ಗಾರ್ಡ್ ಕೊಡಲಿ ಹಿಡಿದ ಸಾಮ್ರಾಜ್ಯದ ವಾರಸುದಾರಳು. ಅವಳು ಮಾಡಿದ್ದು ಸರಿಯಾ ತಪ್ಪಾ ಅಂತ ನಾನೂ ನನ್ನ ಗಂಡನೂ ಇನ್ನೂ ವಾದ ಮುಗಿಸಿಲ್ಲ. ವಿಚರ್ 3ರ ಸಿರಿ, ಮಾರ್ಟಲ್ ಕಾಂಬ್ಯಾಟ್‌ನ ಬೀಸಣಿಗೆಯ ಕಿಟಾನಾ ಇಬ್ಬರೂ ಚೆನ್ನಾಗಿದ್ದಾರೆ, ಆದರೆ ಆ ಆಟಗಳಲ್ಲಿ ರಕ್ತ ಹೊಳೆಯಾಗಿ ಹರಿಯುತ್ತದೆ. ಮಕ್ಕಳು ಮಲಗಿದ ಮೇಲೆ ನೋಡಿಕೊಳ್ಳಿ.

ಇಷ್ಟೆಲ್ಲ ಯೋಚಿಸಿ ನಾನು ಎಕೋಸ್ ಆಫ್ ವಿಸ್ಡಮ್ ಅಕ್ಕನಿಗೆ, ಸಂಜೆ ಹೊತ್ತಿಗೆ ಇಬ್ಬರಿಗೂ ಚೈಲ್ಡ್ ಆಫ್ ಲೈಟ್ ಅಂತ ಗಟ್ಟಿ ಮಾಡಿ ಫೋನ್ ಮಾಡಿದೆ. ಅಕ್ಕ ಹಾಸಿಗೆ ಪೇರಿಸುವ ಕಥೆ ಕೇಳಿ ಕುಣಿದಳು. ತಮ್ಮ ಫೋನ್ ಕಿತ್ತುಕೊಂಡ. ಅವನಿಗೆ ಹೇಳಿದ್ದ ಕಥೆಗಳಲ್ಲಿ ಒಂದು ಮಾತ್ರ ತಲೆಯಲ್ಲಿ ಕೂತಿತ್ತು.

"ಅತ್ತೆ, ಆ ಇಲಿ ಆಗಿ ಆಡಕ್ಕೆ ಆಗುತ್ತಾ?"